ಮೋಟಾರಿನ ಕೆಳಗೆ ಮೊದಲು ಮಲಗುವವರು ಯಾರು?

ವಕೀಲನಾದವನು ಜೀವಮಾನವಿಡೀ ಏನನ್ನಾದರೂ ಎತ್ತುತ್ತಲೇ ಇರುತ್ತಾನೆ. ತಕರಾರು ಎತ್ತುತ್ತಾನೆ, ಪ್ರಶ್ನೆ ಎತ್ತುತ್ತಾನೆ, ಎದುರು ಪಕ್ಷದವನ ಮುತ್ತಜ್ಜನ ಕಾಲದ ವಿಷಯ ಎತ್ತುತ್ತಾನೆ, ಮುನ್ಸಿಫರು ಗದರಿದರೆ ಎರಡೂ ಕೈ ಎತ್ತುತ್ತಾನೆ. ಇಷ್ಟೆಲ್ಲ ಎತ್ತಿದವನ ರಟ್ಟೆಗೆ ಬಲ ಬರಬೇಕಾಗಿತ್ತು. ನನಗೆ ಬರಲಿಲ್ಲ. ಬಾವಿಯಿಂದ ಒಂದು ಕೊಡ ನೀರು ಸೇದಿದರೆ ಮೂರು ದಿನ ಸೊಂಟ ಹಿಡಿದುಕೊಂಡು ನಡೆಯುವ ಪೈಕಿ ನಾನು. ಇಂಥ ನಾನು ಜಹೀರಾಬಾದಿನ ನಮ್ಮ ಮನೆಯಲ್ಲಿ ಒಂದು ಇಡೀ ಮೋಟಾರನ್ನು ಸೊಂಟದೆತ್ತರಕ್ಕೆ ಏರಿಸಿ ನಿಲ್ಲಿಸಿದೆ, ಅದರ ಕೆಳಗೆ ಅಂಗಾತ ಮಲಗಿದೆ, ಮತ್ತು ಜೀವಸಹಿತ ಎದ್ದು ಬಂದೆ ಎಂದರೆ ನೀವು ನಂಬಲಿಕ್ಕಿಲ್ಲ. ನಿಜಾಮರ ಆಳ್ವಿಕೆಯ ಆ ಕಾಲದಲ್ಲಿ ನಮ್ಮೂರಿನವರೂ ನಂಬಿರಲಿಲ್ಲ. ಕಣ್ಣಾರೆ ಕಂಡ ಮೇಲೆ ನಂಬಿದರು.

ಮೋಟಾರು ನನ್ನ ಕೈಗೆ ಬಂದದ್ದು, ಕೆಲಸದಿಂದ ನಿವೃತ್ತರಾಗಿ ಹೈದರಾಬಾದಿಗೆ ಹೊರಟ ಒಬ್ಬ ತಹಸೀಲ್ದಾರರಿಂದ. ಕೀಲಿಕೈ ಕೊಡುವಾಗ ಅವರ ಕಣ್ಣಲ್ಲಿ ನೀರು ಬಂತು. ಮಗಳನ್ನು ಗಂಡನ ಮನೆಗೆ ಕಳಿಸುವ ತಂದೆಯ ದುಃಖ ಎಂದುಕೊಂಡು ನಾನೂ ಮೂಗು ಒರೆಸಿಕೊಂಡೆ. ಸಂತೋಷದ ಕಣ್ಣೀರೂ ನೋಡಲು ಹಾಗೆಯೇ ಇರುತ್ತದೆ ಎಂಬುದು ಆಮೇಲೆ ತಿಳಿಯಿತು. ಮೋಟಾರಿನ ಮೈಯೆಲ್ಲ ಚೆನ್ನಾಗಿತ್ತು, ಹೊಟ್ಟೆ ಮಾತ್ರ ಸರಿಯಿರಲಿಲ್ಲ. ಆಗಿನ ರಸ್ತೆಗಳು ನಡುವೆ ಉಬ್ಬಿ, ಎರಡು ಬದಿಗೆ ಬಂಡಿ ಜಾಡು ತಗ್ಗಾಗಿ, ಹೊಟ್ಟೆಗೆ ತಿವಿಯಲೆಂದೇ ಮಾಡಿದಂತಿದ್ದವು. ನಾರಾಯಣಖೇಡಕ್ಕೆ ಒಂದು ಸಲ ಹೋಗಿಬಂದರೆ ಕೆಳಗಿನ ತಗಡಿಗೆ ಇಪ್ಪತ್ತು ಗುದ್ದು ಬೀಳುತ್ತಿತ್ತು. ಎಣ್ಣೆ ಸೋರತೊಡಗಿತು. ವಕೀಲರು ಎಲ್ಲೆಲ್ಲಿಗೆ ಹೋಗಿದ್ದರು ಎಂದು ತಿಳಿಯಲು ಯಾರೂ ನನ್ನನ್ನು ಕೇಳಬೇಕಾಗಿರಲಿಲ್ಲ, ನೆಲ ನೋಡಿದರೆ ಸಾಕಿತ್ತು.

ಅದನ್ನು ನಿಲ್ಲಿಸುತ್ತಿದ್ದದ್ದು ಅಂಗಳದ ಮೂಲೆಯ, ಹಿಂದೆ ಮುಂದೆ ಬಾಗಿಲಿಲ್ಲದ, ಮೊದಲು ಮೇವು ಒಟ್ಟುತ್ತಿದ್ದ ಎತ್ತರದ ಕೊಟ್ಟಿಗೆಯಲ್ಲಿ. ನಾನು ಅದಕ್ಕೆ ಮೋಟಾರ್ ಖಾನೆ ಎಂದು ಹೆಸರಿಟ್ಟಿದ್ದೆ. ನನ್ನ ಹೆಂಡತಿ ನೀಲಮ್ಮ ಕೊನೆಯವರೆಗೂ ಅದನ್ನು ಮೇವಿನ ಮನೆ ಎಂದೇ ಕರೆದಳು. ಮೋಟಾರಿಗೆ ಬೇನೆ ಬಂದಾಗ ನ್ಯಾಲ್ಕಲ್ ಕಡೆಯಿಂದ ಮಾಣಿಕಪ್ಪ ಬರುತ್ತಿದ್ದ. ಹತ್ತಿ ಗಿರಣಿಯೊಂದರಲ್ಲಿ ಎಂಜಿನ್ ನೋಡಿಕೊಂಡು ಕೆಲಸ ಕಲಿತವನು, ನಲವತ್ತು ದಾಟಿದವನು, ಮಾತು ಕಡಿಮೆ. ತಿರುಪು ಬಿಚ್ಚುವ ಪಾನಾ, ಸುತ್ತಿಗೆಗಳನ್ನು ಹೆಗಲ ಚೀಲದಲ್ಲಿ ಹಾಕಿಕೊಂಡು ನಡೆದೇ ಬರುತ್ತಿದ್ದ. ಮೋಟಾರಿಗೆ ಕಿವಿ ಹಚ್ಚಿ ಕೇಳಿ, ನಾಡಿ ನೋಡಿದ ವೈದ್ಯನ ಹಾಗೆ ತಲೆ ಆಡಿಸುತ್ತಿದ್ದ.

ಒಂದು ಬೇಸಗೆಯ ಮಧ್ಯಾಹ್ನ ಅವನು, “ಸಾಹೇಬ್ರ, ಹೊಟ್ಟಿ ತಗಡ ಸೀಳ್ಯದ. ಕೆಳಗ ಹೋಗಿ ಬಿಚ್ಚಬೇಕು” ಅಂದ. ಮೋಟಾರಿನ ಜೊತೆ ಬಂದಿದ್ದ ತಿರುಪಿನ ಜ್ಯಾಕಿನಿಂದ ಮುಂಭಾಗ ಎತ್ತಿ, ಗಾಲಿಯ ಪಕ್ಕ ಇಟ್ಟಿಗೆ ಒಟ್ಟಿ, ಗೋಣಿತಟ್ಟು ಹಾಸಿಕೊಂಡು ಒಳಗೆ ಸರಿದ. ನಾನು ಆರಾಮ ಕುರ್ಚಿಯಲ್ಲಿ ಕುಳಿತು ಸಲಹೆ ಕೊಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ನೀಲಮ್ಮ ತಂಬಿಗೆಯಲ್ಲಿ ನೀರು ತಂದಳು. ಆಗಿನ ರೂಢಿ ಏನಿತ್ತೆಂದರೆ, ಮಾಣಿಕಪ್ಪನ ಕೇರಿಯವರಿಗೆ ನಮ್ಮಂಥವರ ಮನೆಯಲ್ಲಿ ತಂಬಿಗೆ ಕೈಗೆ ಕೊಡುತ್ತಿರಲಿಲ್ಲ. ಅವರು ಬೊಗಸೆ ಒಡ್ಡಬೇಕು, ಇವರು ಮೇಲಿನಿಂದ ಸುರಿಯಬೇಕು. ಹಾಗಾಗಿ ಮಾಣಿಕಪ್ಪ ಕೆಲಸ ಬಿಟ್ಟು, ತೆವಳಿ ಹೊರಗೆ ಬಂದು, ಆರು ಹೆಜ್ಜೆ ಈಚೆ ನಿಂತು ಬೊಗಸೆ ಒಡ್ಡಿದ. ಎರಡು ಗುಟುಕು ಕುಡಿದಿರಬೇಕು. ಹಿಂದೆ ಧಡ್ ಎಂದು ಸದ್ದಾಯಿತು.

ತಿರುಗಿ ನೋಡಿದರೆ ಜ್ಯಾಕು ಮಗ್ಗುಲಾಗಿ ಬಿದ್ದಿತ್ತು. ಇಟ್ಟಿಗೆ ಪುಡಿಯಾಗಿತ್ತು. ಅವನು ಮಲಗಿದ್ದ ಗೋಣಿತಟ್ಟು ಮೋಟಾರಿನ ಹೊಟ್ಟೆಯ ಕೆಳಗೆ ಅಪ್ಪಚ್ಚಿಯಾಗಿ ಸಿಕ್ಕಿಕೊಂಡಿತ್ತು. ಮಾಣಿಕಪ್ಪ ಒಡ್ಡಿದ ಬೊಗಸೆಯನ್ನು ಹಾಗೇ ಹಿಡಿದು ಆ ತಟ್ಟನ್ನೇ ನೋಡುತ್ತಿದ್ದ. ನೀರು ಬೆರಳ ಸಂದಿಯಿಂದ ಸೋರಿಹೋಯಿತು. ನೀಲಮ್ಮ ಮುಂದೆ ಹೋಗಿ ತಂಬಿಗೆಯನ್ನೇ ಅವನ ಕೈಗೆ ಕೊಟ್ಟು, “ಕುಂತು ಕುಡಿಯಪ್ಪಾ” ಅಂದಳು. ನಮ್ಮ ಮನೆಯಲ್ಲಿ ಅದುವರೆಗೆ ಹಾಗೆ ಆಗಿರಲಿಲ್ಲ. ಅಂದಿನಿಂದ ಹಾಗೆಯೇ ಆಯಿತು. ಊರಿನ ವಾಚನಾಲಯದಲ್ಲಿ ಎಲ್ಲರೂ ಸಮಾನರು ಎಂದು ಒಂದು ಗಂಟೆ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಬಂದಿದ್ದವನು ನಾನು. ಒಂದು ಮಾತೂ ಆಡದೆ ಮಾಡಿ ತೋರಿಸಿದವಳು ಅವಳು.

ತೀರ್ಪು ಬಂದದ್ದು ಅದರ ನಂತರ. “ಇನ್ ಮ್ಯಾಲ ಈ ಅಂಗಳದಾಗ ಯಾರೂ ಮೋಟಾರಿನ ಕೆಳಗ ಹೋಗಾಂಗಿಲ್ಲ” ಅಂದಳು ನೀಲಮ್ಮ. “ಬೀಳಲಾರದಂಥದು ಏನರ ಹುಡುಕಿ ತರ್ರಿ. ತಂದ ಮ್ಯಾಲ ಮೊದಲ ಅದರ ಕೆಳಗ ನೀವು ಮಕ್ಕೋರಿ. ನಾ ನೂರು ಎಣಿಸ್ತೀನಿ. ನೂರಾದ್ರೂ ನೀವು ಜೀವಂತ ಇದ್ರ, ಆಮ್ಯಾಲ ಮಾಣಿಕಪ್ಪ.”

“ನಾನ್ಯಾಕ?” ಅಂದೆ.

“ಮೋಟಾರ್ ಯಾರ್ದು?” ಅಂದಳು.

ಈ ಪ್ರಶ್ನೆಗೆ ಕಾನೂನಿನಲ್ಲಿ ಒಂದೇ ಉತ್ತರವಿತ್ತು. ಆ ಸಂಜೆಯಿಂದ ನಾನು ಮೋಟಾರನ್ನು ಸುರಕ್ಷಿತವಾಗಿ ಎತ್ತುವ ಸಾಧನದ ಶೋಧನೆಗೆ ತೊಡಗಿದೆ. ನಿಜ ಹೇಳುತ್ತೇನೆ, ಮಾಣಿಕಪ್ಪ ಕೆಳಗೆ ಮಲಗುವವನಾಗಿದ್ದಾಗ ನನಗೆ ಆ ಹಳೆಯ ಜ್ಯಾಕೇ ಸಾಕಾಗಿತ್ತು. ನಾನೇ ಮಲಗಬೇಕು ಎಂದಾದ ಕೂಡಲೇ ಜಗತ್ತಿನ ಯಾವ ಕಬ್ಬಿಣದ ಮೇಲೂ ನಂಬಿಕೆ ಉಳಿಯಲಿಲ್ಲ.

ಸುದ್ದಿ ಹೇಗೆ ಹೋಯಿತೋ ಏನೋ, ವಾರದೊಳಗೆ ಹೈದರಾಬಾದಿನಿಂದ ಒಬ್ಬ ಏಜೆಂಟ್ ರೈಲಿಳಿದು ನೇರ ನಮ್ಮ ಮನೆಗೆ ಬಂದ. ಹೊಸ ಮಾದರಿಯ ವಿಲಾಯತಿ ಜ್ಯಾಕುಗಳ ಚಿತ್ರದ ಪುಸ್ತಕ ಬಿಚ್ಚಿದ. ಚಿತ್ರದಲ್ಲಿ ಟೋಪಿ ಹಾಕಿದ ದೊರೆಯೊಬ್ಬ ಒಂದು ಬೆರಳಿನಿಂದ ಮೋಟಾರು ಎತ್ತಿ ನಗುತ್ತಿದ್ದ. ನನ್ನೊಳಗಿನ ವಕೀಲ ಎದ್ದು ನಿಂತ.

“ಇದು ಎಷ್ಟು ಭಾರ ಎತ್ತತದ?”

“ಹುಜೂರ್, ಆನಿ ಬೇಕಾದ್ರೂ ಎತ್ತತದ.”

“ಆನಿ ಎತ್ತಿದ್ದು ನೀವು ಕಣ್ಣಾರೆ ನೋಡೀರೇನು?”

“ನಾ ನೋಡಿಲ್ಲ, ಕಂಪನಿಯವರು ನೋಡ್ಯಾರ.”

“ಅಂದ್ರ ಕೇಳಿದ ಮಾತು. ಸಾಕ್ಷಿ ಆಗಂಗಿಲ್ಲ. ಇರಲಿ. ಎತ್ತಿದ್ದನ್ನ ಎಷ್ಟೊತ್ತು ಹಿಡಿದು ನಿಲ್ಲತದ?”

ಏಜೆಂಟ್ ಪುಸ್ತಕದ ಹಾಳೆ ತಿರುವಿದ. “ಹುಜೂರ್, ಎತ್ತೂದು ಅದರ ಕೆಲಸ. ಹಿಡಿಯೂದು ಅಂದ್ರ... ಅದು ನೆಲದ ಮ್ಯಾಲ ಅದ, ಗಾಡಿ ಮ್ಯಾಲ ಅದ, ದೇವರ ಮ್ಯಾಲ ಅದ.”

ಸಾಕ್ಷಿ ಕುಸಿಯುತ್ತಿದ್ದಾನೆಂದು ಹಿಗ್ಗಿ, ಪ್ರಶ್ನೆಯ ಮೇಲೆ ಪ್ರಶ್ನೆ ಎಸೆಯುತ್ತ ನಾನು ಹನ್ನೊಂದನೆಯದಕ್ಕೆ ಕೈ ಹಾಕಿದ್ದೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ನೀಲಮ್ಮನ ದನಿ ಬಂತು. “ಅವರು ಅದರ ಕೆಳಗ ಮಕ್ಕೋತಾರೇನು ಕೇಳ್ರಿ.” ಏಜೆಂಟ್ ಗಡಿಯಾರ ನೋಡಿಕೊಂಡು, ವಿಕಾರಾಬಾದಿನ ರೈಲಿಗೆ ಹೊತ್ತಾಯಿತು ಎಂದು ಎದ್ದ. ರೈಲಿದ್ದದ್ದು ಸಂಜೆಗೆ. ಆಗಿನ್ನೂ ನಮ್ಮ ಮನೆಯಲ್ಲಿ ಒಲೆಯ ಮೇಲೆ ಬೇಳೆ ಬೆಂದಿರಲಿಲ್ಲ. ನನ್ನ ಹತ್ತು ಪ್ರಶ್ನೆ ಮಾಡಲಾರದ್ದನ್ನು ಅವಳ ಒಂದು ಪ್ರಶ್ನೆ ಮಾಡಿತು.

ಆಮೇಲೆ ನೆನಪಾದವನು ನಾರಾಯಣಖೇಡದಲ್ಲಿ ತೊಗರಿ, ಕಡಲೆಯ ವ್ಯಾಪಾರ ಮಾಡುವ ನನ್ನ ಭಾವಮೈದುನ ಬಸಣ್ಣ. ಅವನ ಗೋದಾಮಿನಲ್ಲಿ ಚೀಲ ಏರಿಸಲು ಸರಪಳಿ ಹಾಕಿದ ರಾಟೆ ಇತ್ತು. ಮೋಟಾರು ಕಾಯಿಲೆ ಬಿದ್ದದ್ದರಿಂದ ಬಸ್ಸಿನಲ್ಲೇ ಹೋದೆ. ಬಸಣ್ಣ ತೊಡೆ ತಟ್ಟಿಕೊಂಡು, “ಮಾವಾ, ಇದು ನಮ್ಮ ಮನಿತನಕ್ಕ ಅನ್ನ ಹಾಕಿದ ಸರಪಳಿ. ಮೋಟಾರ್ ಏನ್ ಲೆಕ್ಕ? ತಗೊಂಡ್ ಹೋಗು, ಫಿಕರ್ ಬ್ಯಾಡ” ಅಂದ. ಬರುವಾಗ ಆ ಸರಪಳಿಯನ್ನು ತೊಡೆಯ ಮೇಲೆ ಸುರುಳಿ ಸುತ್ತಿಕೊಂಡು ಕುಳಿತಿದ್ದೆ. ಕೋರ್ಟಿನ ಕರಿ ಶೇರವಾನಿ ಹಾಕಿಕೊಂಡವನೊಬ್ಬ ಸರಪಳಿ ಅಪ್ಪಿಕೊಂಡು ಕುಳಿತದ್ದನ್ನು ನೋಡಿದ ಪಕ್ಕದ ಮುದುಕಿ, “ಯಾವ ಜೇಲಿಗಪ್ಪಾ?” ಎಂದು ಮರುಕದಿಂದ ಕೇಳಿದಳು.

ಮಾಣಿಕಪ್ಪ ಬಂದು ಸರಪಳಿಯ ಕೊಂಡಿ ಒಂದೊಂದನ್ನೂ ಬೆರಳಿನಿಂದ ಸವರಿ ನೋಡಿದ. ಆಮೇಲೆ ಸರಪಳಿ ಬಿಟ್ಟು ಕೊಟ್ಟಿಗೆಯ ಸೂರು ನೋಡತೊಡಗಿದ.

“ಸರಪಳಿ ಬರೋಬರ್ ಅದರಿ” ಅಂದ. “ತೊಲಿ?”

“ನಮ್ಮ ಅಜ್ಜ ಹಾಕಿಸಿದ ತೊಲಿ ಅದು!” ಅಂದೆ ಅಭಿಮಾನದಿಂದ.

“ಅದಕ್ಕ ಕೇಳ್ದೆ” ಅಂದ ಮಾಣಿಕಪ್ಪ.

ಮೋಟಾರಿಗೆ ಬದಲು ನಾಲ್ಕು ಚೀಲ ಜೋಳ ಕಟ್ಟಿ, ದೂರ ನಿಂತು ಸರಪಳಿ ಎಳೆದೆವು. ಚೀಲಗಳು ನೆಲ ಬಿಟ್ಟು ಗೇಣುದ್ದ ಏರಿದವು. ತೊಲೆ ಮುದುಕ ಎದ್ದು ಕೂರುವಾಗಿನಂತೆ ನರಳಿತು. ಮೇಲಿನಿಂದ ಬೂದಿಯಂಥ ಹುಡಿ ನನ್ನ ತಲೆಯ ಮೇಲೆ ಸುರಿಯಿತು. ನೋಡಿದರೆ ತೊಲೆಯೊಳಗೆ ಮರ ಎನ್ನುವುದು ಹೆಸರಿಗಷ್ಟೇ ಉಳಿದಿತ್ತು. ಉಳಿದದ್ದೆಲ್ಲ ಗೆದ್ದಲುಗಳ ನಾಲ್ಕು ತಲೆಮಾರಿನ ಸಂಸಾರ. ಮೋಟಾರನ್ನು ಅದಕ್ಕೆ ತೂಗುಹಾಕಿದ್ದರೆ ಕೆಳಗೆ ಮಲಗಿದವನ ಮೇಲೆ ಮೋಟಾರೂ, ಮೋಟಾರಿನ ಮೇಲೆ ಕೊಟ್ಟಿಗೆಯೂ ಬೀಳುತ್ತಿತ್ತು. ತೊಲೆ ಬದಲಿಸಿದೆ, ಆದರೆ ಹೊಸ ತೊಲೆಗೂ ಮೋಟಾರು ತೂಗುಹಾಕುವ ಧೈರ್ಯ ಉಳಿಯದೆ ಸರಪಳಿಯನ್ನು ಬಸಣ್ಣನಿಗೆ ಮರಳಿ ಕಳಿಸಿದೆ.

ನೆಲದಲ್ಲಿ ಹೊಂಡ ತೋಡಿ, ಮೋಟಾರನ್ನು ಅದರ ಮೇಲೆ ನಿಲ್ಲಿಸೋಣ ಎಂದು ಒಂದು ದಿನ ಹೊಳೆಯಿತು. ಎತ್ತುವ ಕೆಲಸವೇ ಇಲ್ಲ ಎಂದು ನಾನು ಕುಣಿದೆ. ಮಾಣಿಕಪ್ಪ, “ಹೊಂಡದಾಗ ಪೆಟ್ರೋಲ್ ಹಬಿ ಇಳಿದು ಕುಂದ್ರತದರಿ. ಒಂದು ಕಿಡಿ ಬಿತ್ತಂದ್ರ ಮ್ಯಾಲ ಬರಾಕ ದಾರಿ ಇರಾಂಗಿಲ್ಲ” ಅಂದ. ನೀಲಮ್ಮ ಇನ್ನೂ ಚುಟುಕಾಗಿ, “ಮನಿ ಮುಂದ ಗೋರಿ ತೋಡಬ್ಯಾಡ್ರಿ” ಅಂದಳು. ತೋಡಲಿಲ್ಲ.

ಹೀಗೆ ಎರಡು ತಿಂಗಳು ಕಳೆದವು. ಮೋಟಾರು ಮೂಲೆ ಹಿಡಿದು ನಿಂತಿತ್ತು. ಮಾಣಿಕಪ್ಪ ಬಂದಾಗೆಲ್ಲ ಅದರ ಧೂಳು ಒರೆಸಿ ಹೋಗುತ್ತಿದ್ದ. ಬೇರೆಯವರ ಗಾಡಿಗಳ ಕೆಳಗೆ ಅವನು ಇನ್ನೂ ಇಟ್ಟಿಗೆ ನಂಬಿಯೇ ಮಲಗುತ್ತಿದ್ದಾನೆಂಬುದು ನಮಗೆಲ್ಲ ಗೊತ್ತಿತ್ತು. ಒಂದು ಸಲ ನೀಲಮ್ಮ ಕೇಳಿದಾಗ ಅವನು, “ಏನ್ ಮಾಡೂದ್ರಿ ಯವ್ವಾ, ಒಳಗ ಹೋಗುವಾಗ ಮಕ್ಕಳ ಹೆಸರ ತಗೋತೀನಿ, ಹೊರಗ ಬಂದಾಗ ದೇವರ ಹೆಸರ ತಗೋತೀನಿ” ಅಂದಿದ್ದ. ಆ ಮಾತು ಕೇಳಿದ ಮೇಲೆ ನನ್ನ ಶೋಧನೆ ಹುಡುಗಾಟವಾಗಿ ಉಳಿಯಲಿಲ್ಲ.

ಆಗಲೇ ಒಂದು ಗಡಿ ತಂಟೆಯ ಮೊಕದ್ದಮೆಗೆ ನಾನು ತಾಂಡೂರಿಗೆ ಹೋಗಬೇಕಾಯಿತು. ತಾಂಡೂರೆಂದರೆ ಕಲ್ಲು. ನೆಲ ಕೆದಕಿದರೆ ಹಲಗೆ ಹಲಗೆಯಾಗಿ ನೀಲಿ ಕಲ್ಲು ಏಳುವ ಊರು. ಗಣಿಯ ಬದಿಯಲ್ಲಿ ನಡೆದು ಹೋಗುತ್ತಿದ್ದಾಗ ಒಂದು ನೋಟ ಕಂಡು ನಿಂತೆ. ಬಂಡಿಯಗಲಕ್ಕೆ ಸರಿಯಾಗಿ ಎರಡು ಕಲ್ಲುಗೋಡೆ ಕಟ್ಟಿದ್ದರು. ನೆಲದಿಂದ ಇಳಿಜಾರಾಗಿ ಏರಿ, ಮೇಲೆ ಸಮತಟ್ಟಾಗಿದ್ದವು. ಅದರ ಮೇಲೆ ಕಲ್ಲು ತುಂಬಿದ ಬಂಡಿಯೊಂದು ನಿಂತಿತ್ತು. ಎರಡು ಗೋಡೆಗಳ ನಡುವೆ, ಅಷ್ಟು ಭಾರದ ನೆರಳಿನಲ್ಲಿ, ಬಿಳಿ ಮೀಸೆಯ ಒಬ್ಬ ಕುಳಿತು ರೊಟ್ಟಿ ತಿನ್ನುತ್ತಿದ್ದ. ಅವನೇ ಕಲ್ಲುಕೆಲಸದ ಮೇಸ್ತ್ರಿ ತಿಪ್ಪಣ್ಣ.

“ಅಲ್ಲಿ ಕುಂತು ಉಣ್ಣಾಕ ಅಂಜಿಕಿ ಬರಂಗಿಲ್ಲೇನು?” ಎಂದು ಕೇಳಿದೆ.

“ಯಾತರ ಅಂಜಿಕಿರಿ?”

“ಮ್ಯಾಲಿಂದು ಬಿದ್ರ?”

ತಿಪ್ಪಣ್ಣ ತಲೆ ಎತ್ತಿ, ಹಾಗೊಂದು ಸಾಧ್ಯತೆ ಇದೆಯೆಂದು ಮೊದಲ ಸಲ ಕೇಳಿದವನಂತೆ ಬಂಡಿಯನ್ನು ನೋಡಿದ. “ಇದು ಬೀಳಬೇಕಂದ್ರ ಗ್ವಾಡಿ ಬೀಳಬೇಕು. ಗ್ವಾಡಿ ನಾ ಕಟ್ಟೀನಿ” ಎಂದು ಮತ್ತೆ ರೊಟ್ಟಿ ಮುರಿದ.

ನಾನು ಅಲ್ಲೇ ಕಲ್ಲಿನ ಮೇಲೆ ಕುಳಿತು ನನ್ನ ಕಥೆಯನ್ನೆಲ್ಲ ಹೇಳಿದೆ, ಜ್ಯಾಕು, ಸರಪಳಿ, ಹೊಂಡ ಎಲ್ಲ. ಅವನು ಪೂರ್ತಿ ಕೇಳಿ ಬಾಯಿ ಮುಕ್ಕಳಿಸಿದ. “ವಕೀಲ್ ಸಾಬ್, ನೀವು ಎತ್ತಾಕ ಹೋಗಿ ಕೆಟ್ರಿ. ಎತ್ತಿದ್ದು ಬೀಳ್ತದ. ಹತ್ತಿದ್ದು ಕುಂದ್ರತದ.”

ನಾನು ಕಾನೂನಿನ ದಪ್ಪ ದಪ್ಪ ಗ್ರಂಥ ಓದಿದವನು. ಇಷ್ಟು ಅಚ್ಚುಕಟ್ಟಾದ ವಾಕ್ಯವನ್ನು ಯಾವುದರಲ್ಲೂ ಕಂಡಿರಲಿಲ್ಲ. ತಿರುಗುವ ತಿರುಪಿಲ್ಲ, ಹರಿಯುವ ಸರಪಳಿಯಿಲ್ಲ, ಮುರಿಯುವ ತೊಲೆಯಿಲ್ಲ. ಮೋಟಾರು ತನ್ನ ಕಾಲ ಮೇಲೆ ತಾನೇ ಏರಿ ನಿಲ್ಲುತ್ತದೆ. ಆ ಮಧ್ಯಾಹ್ನ ಕೋರ್ಟಿನಲ್ಲಿ ನಾನು ವಾದಿಸಿದ್ದು ಏನೋ ನನಗೆ ನೆನಪಿಲ್ಲ. ಗೆದ್ದೆನಂತೆ.

ಕಲ್ಲು ರೈಲಿನಲ್ಲಿ ಬಂತು, ಹಿಂದೆಯೇ ತಿಪ್ಪಣ್ಣ ಬಂದ. ಮಾಣಿಕಪ್ಪ ಹಗ್ಗ ಹಿಡಿದು ಗಾಲಿಯಿಂದ ಗಾಲಿಗೆ ಅಳೆದ. ಗಾಲಿ ಪಕ್ಕಕ್ಕೆ ಜಾರದಂತೆ ಅಂಚಿಗೆ ಎದ್ದ ಕಲ್ಲು, ಮುಂದಕ್ಕೆ ಓಡದಂತೆ ಕೊನೆಗೊಂದು ಅಡ್ಡಗಲ್ಲು, ಏರಿದ ಮೇಲೆ ಹಿಂದಿನ ಗಾಲಿಗೆ ಕೊಡಲು ಎರಡು ಮರದ ಬೆಣೆ, ಎಲ್ಲವನ್ನೂ ಅವರಿಬ್ಬರೇ ಕುಕ್ಕರಗಾಲಿನಲ್ಲಿ ಕುಳಿತು ನಿಶ್ಚಯಿಸಿದರು. ನಾನು ಮಧ್ಯೆ ಮಧ್ಯೆ “ಸರಿ” ಎನ್ನುತ್ತಿದ್ದೆ. ಕೊಟ್ಟಿಗೆಯಲ್ಲಿ ಗೋಡೆ ಎದ್ದ ಮೇಲೆ, ಗಾರೆ ಗಟ್ಟಿಯಾಗಲೆಂದು ನೀಲಮ್ಮ ಒಂದು ತಿಂಗಳು ಬೆಳಿಗ್ಗೆ ಸಂಜೆ ತುಳಸಿಗೆ ಹಾಕಿದಂತೆ ಗೋಡೆಗೆ ನೀರು ಹಾಕಿದಳು. ಆಮೇಲೆ ಕಲ್ಲು ಹೇರಿದ ಬಂಡಿಯನ್ನು ಆಳುಗಳು ಹಗ್ಗ ಕಟ್ಟಿ ಎಳೆದು ಮೇಲೇರಿಸಿದರು. ಅದು ಮೂರು ದಿನ ನಿಂತಿತು. ಒಂದು ಬಿರುಕು ಬಿಡಲಿಲ್ಲ.

ಮೋಟಾರು ಏರಿಸುವ ದಿನ ಅರ್ಧ ಜಹೀರಾಬಾದು ನಮ್ಮ ಅಂಗಳದಲ್ಲಿತ್ತು. ಮುನ್ಸಿಫರ ಜವಾನ ಮುಂದಿನ ಸಾಲಿನಲ್ಲಿ ಕುಳಿತಿದ್ದ. ಇಂಥ ಘನ ಸಂದರ್ಭದಲ್ಲಿ ಮೋಟಾರನ್ನು ಮಾಣಿಕಪ್ಪನ ಕೈಗೆ ಕೊಡುವುದುಂಟೆ? ಶೇರವಾನಿ ತೊಟ್ಟು ನಾನೇ ಚಾಲಕನ ಸ್ಥಾನದಲ್ಲಿ ಕುಳಿತೆ. “ಹಿಂದ ಯಾರೂ ನಿಲ್ಲಬ್ಯಾಡ್ರಿ” ಎಂದು ಮಾಣಿಕಪ್ಪ ಜನರನ್ನು ಸರಿಸಿದ. ಅವನಿಗೆ ನನ್ನ ಚಾಲನೆ ಗೊತ್ತಿತ್ತು. ಮೋಟಾರು ಗರ್ಜಿಸಿತು, ಇಳಿಜಾರಿನ ಅರ್ಧಕ್ಕೆ ಏರಿತು, ಅಲ್ಲಿ ಗಾಲಿಗಳು ನಿಂತಲ್ಲೇ ಗರಗರ ತಿರುಗಿದವು, ಆಮೇಲೆ ಇಡೀ ಮೋಟಾರು ನನ್ನನ್ನು ಕೂರಿಸಿಕೊಂಡು ಮೆಲ್ಲಗೆ, ರಾಜಗಾಂಭೀರ್ಯದಿಂದ, ಹಿಂದಕ್ಕೆ ಜಾರತೊಡಗಿತು. ಅಂಗಳ ದಾಟಿ ಸಗಣಿ ಕುಳ್ಳಿನ ಒಟ್ಟಿಲಿಗೆ ಹೊಕ್ಕು ನಿಂತಿತು. ಒಂದು ಮಳೆಗಾಲಕ್ಕೆಂದು ತಟ್ಟಿಟ್ಟ ಕುಳ್ಳು ನನ್ನ ಸುತ್ತ ಉದುರಿತು. ಜನ ನಕ್ಕರು. ಮುನ್ಸಿಫರ ಜವಾನ ಎದ್ದು ನಿಂತು ನಕ್ಕ.

ನೀಲಮ್ಮ ನಗಲಿಲ್ಲ, ಕುಳ್ಳು ಹೋಯಿತೆಂದು ಬೈಯಲೂ ಇಲ್ಲ. ನೇರ ಇಳಿಜಾರಿನ ಬಳಿ ಹೋಗಿ ಕಲ್ಲಿನ ಮೇಲೆ ಅಂಗೈ ಸವರಿದಳು. “ಇದೇನಪ್ಪಾ ತಿಪ್ಪಣ್ಣ, ಎಣ್ಣಿ ಹಚ್ಚಿದಾಂಗ ನುಣ್ಣಗ ಅದ! ಬೀಸೂಕಲ್ಲು ನುಣ್ಣಗಾದ್ರ ನಾವು ಏನ್ ಮಾಡ್ತೀವಿ? ಹಲ್ಲು ಹೊಡಸ್ತೀವಿ. ಇದಕೂ ಹಲ್ಲು ಹೊಡಿ.”

ತಿಪ್ಪಣ್ಣ ಹಣೆ ಬಡಿದುಕೊಂಡ. “ಬಂಡಿ ಆದ್ರ ಹಗ್ಗ ಕಟ್ಟಿ ಎಳೀತೀವಿ. ಮೋಟಾರ್ ಗಾಲಿ ತಾನೇ ಕಲ್ಲು ಹಿಡೀಬೇಕಲ್ಲ! ನನ್ನ ತೆಲಿಗೆ ಹೊಳೀಲೇ ಇಲ್ಲ ನೋಡ್ರಿ ಅಮ್ಮಾ.” ಅವನು ಉಳಿ ಸುತ್ತಿಗೆ ಹಿಡಿದು ಎರಡು ದಿನ ಟಕಟಕ ಎಂದು ಕಲ್ಲಿಗೆ ಹಲ್ಲು ಹೊಡೆದ.

ಮೂರನೆಯ ದಿನ ನೋಡುವವರ ಸಂಖ್ಯೆ ಇಮ್ಮಡಿಯಾಗಿತ್ತು. ನಾನು ಮತ್ತೆ ಜಾರುವುದನ್ನು ನೋಡಲು ಬಂದವರು ಅವರು. ಈ ಸಲ ಚಕ್ರ ಹಿಡಿದವನು ಮಾಣಿಕಪ್ಪ. ಮೋಟಾರು ಏರಿತು. ಬೆಕ್ಕು ಗೋಡೆ ಏರಿದಷ್ಟು ಸಲೀಸಾಗಿ ಏರಿ, ಅಡ್ಡಗಲ್ಲಿಗೆ ಮುಟ್ಟಿ, ನಿಂತಿತು. ಬೆಣೆ ಕೊಟ್ಟರು. ಆರು ಜನ ಪಕ್ಕದಿಂದ ಭುಜ ಕೊಟ್ಟು ನೂಕಿದರು, ಅಲುಗಲಿಲ್ಲ. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

“ಬಟ್ಟಿ ಬದಲಿಸಿ ಬರ್ತೀನಿ” ಅಂದೆ.

“ಬ್ಯಾಡ್ರಿ, ಹಿಂಗ ಛಂದ ಕಾಣಸ್ತೀರಿ” ಅಂದಳು ನೀಲಮ್ಮ.

ಚಾಪೆ ಹಾಸಿದರು. ಎರಡು ಗೋಡೆಗಳ ನಡುವೆ ಹೋಗಿ ಅಂಗಾತ ಮಲಗಿದೆ. ನನ್ನ ಮೋಟಾರಿನ ಹೊಟ್ಟೆಯನ್ನು ನಾನು ನೋಡಿದ್ದು ಅದೇ ಮೊದಲು. ಕಪ್ಪಗೆ, ಗುದ್ದು ತಿಂದು, ಮಣ್ಣು ಮೆತ್ತಿ, ಅಲ್ಲಲ್ಲಿ ಸೀಳಿತ್ತು. ಇದರ ಕೆಳಗೆ ಮಾಣಿಕಪ್ಪ ನಾಲ್ಕು ಇಟ್ಟಿಗೆಗಳ ಭರವಸೆಯ ಮೇಲೆ ಎಷ್ಟು ಸಲ ಮಲಗಿದ್ದ, ನಾನು ಎಷ್ಟು ಸಲ ಕುರ್ಚಿಯಲ್ಲಿ ಕುಳಿತು ಸಲಹೆ ಕೊಟ್ಟಿದ್ದೆ ಎಂದು ಲೆಕ್ಕ ಹಾಕತೊಡಗಿದೆ. ಒಂದು ಹನಿ ಎಣ್ಣೆ ಹಣೆಯ ವಿಭೂತಿಯ ಮೇಲೆ ಬಿತ್ತು. ಹೊರಗೆ ನೀಲಮ್ಮ ಎಣಿಸುತ್ತಿದ್ದಳು. ಒಂದು, ಎರಡು, ಮೂರು. ಮೊದಮೊದಲು ಅವಳ ದನಿ ಕೋರ್ಟಿನ ಗಂಟೆಯಂತೆ ಗಟ್ಟಿಯಾಗಿತ್ತು. ನಲವತ್ತರ ಹೊತ್ತಿಗೆ ಜನರ ಪಿಸುಮಾತೂ ನಿಂತಿತು. ಐವತ್ತರಿಂದ ಮುಂದೆ ಅವಳ ದನಿ ಸಣ್ಣಗೆ ನಡುಗುತ್ತಿರುವುದು ನನಗೆ ಕೇಳಿಸಿತು.

“ಅರವತ್ತೊಂದು, ಅರವತ್ತೆರಡು, ಅರವತ್ಮೂರು... ನೂರು! ಸಾಕು, ಏಳ್ರಿ, ಹೊರಗ ಬರ್ರಿ!”

ಇಪ್ಪತ್ತು ವರ್ಷಗಳ ಸಂಸಾರದಲ್ಲಿ ನೀಲಮ್ಮ ಲೆಕ್ಕ ತಪ್ಪಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಹೊರಗೆ ಬಂದಾಗ ಜನ ಚಪ್ಪಾಳೆ ತಟ್ಟಿದರು, ತಿಪ್ಪಣ್ಣ ಮೀಸೆ ತಿರುವಿದ, ಮುನ್ಸಿಫರ ಜವಾನ ಸಲಾಮು ಹೊಡೆದ. ನಾನು ಹುಲಿ ಕೊಂದವನಂತೆ ನಿಂತಿದ್ದೆ. ಮಾಣಿಕಪ್ಪ ಮಾತ್ರ ಯಾವುದನ್ನೂ ನೋಡದೆ ಪಾನಾ ತೆಗೆದುಕೊಂಡು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಅಲ್ಲಿಂದ ಒಂದು ಸದ್ದು ಬಂತು. ಅವನು ಹಾಡು ಗುನುಗುತ್ತಿದ್ದ. ಅವನಿಗೆ ಹಾಡು ಬರುತ್ತದೆಂದು ನಮಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಆ ಕಲ್ಲುಕಟ್ಟೆಯ ಕೀರ್ತಿ ಹಬ್ಬಿತು. ಡಾಕ್ಟರರ ಗಾಡಿ ಬಂತು, ಬೀದರ ರಸ್ತೆಯ ಗಾಡಿಗಳು ಬಂದವು, ಸರಪಳಿಯ ಬಸಣ್ಣನೂ ಹೊಸ ಲಾರಿ ತಂದು ಏರಿಸಿದ. ಮಾಣಿಕಪ್ಪ ಊರೂರು ಅಲೆಯುವುದನ್ನು ಬಿಟ್ಟು ನಮ್ಮ ಕೊಟ್ಟಿಗೆಯಲ್ಲೇ ಕಾರ್ಖಾನೆ ಹೂಡಿದ. ಇಟ್ಟಿಗೆಯ ಮೇಲೆ ನಿಲ್ಲಿಸಿದ ಗಾಡಿಯ ಕೆಳಗೆ ಅವನು ಮತ್ತೆಂದೂ ಹೋಗಲಿಲ್ಲ. ಇದೆಲ್ಲ ನನ್ನ ಸಾಧನೆ ಎಂದು ವಕೀಲರ ಬಾರ್ ರೂಮಿನಲ್ಲಿ ನಾನು ಹೇಳಿಕೊಳ್ಳುತ್ತಿದ್ದೆ. ಅಲ್ಲಿಗೆ ನೀಲಮ್ಮ ಬರುತ್ತಿರಲಿಲ್ಲವಾದ್ದರಿಂದ ಅದು ಸತ್ಯವಾಗಿಯೇ ಉಳಿಯಿತು.

ಆರು ತಿಂಗಳ ಮೇಲೆ ನನ್ನ ಮೋಟಾರಿಗೆ ಮತ್ತೆ ಕೆಮ್ಮು ಬಂತು. ಬೆಳಿಗ್ಗೆ ಕೊಟ್ಟಿಗೆಗೆ ಹೋಗಿ, “ಮಾಣಿಕಪ್ಪಾ, ಜರಾ ನನ್ನ ಗಾಡಿ ಏರಿಸು” ಅಂದೆ.

ಅವನು ಕೈ ಒರೆಸಿಕೊಳ್ಳುತ್ತ ವಿನಯದಿಂದ, “ಇವತ್ತ ಆಗಂಗಿಲ್ಲರಿ ಸಾಹೇಬ್ರ. ಮ್ಯಾಲ ದವಾಖಾನಿ ಗಾಡಿ ಅದ, ಹಿಂದ ಇನ್ನೆರಡು ಅವ. ಬುಧವಾರ ಬರ್ರಿ” ಅಂದ. ಎಲ್ಲಿಂದ ಬರಲಿ? ನಾನಿರುವುದೇ ಅಲ್ಲಿ. ಬುಧವಾರ ಹೋದೆ. “ಶನಿವಾರ ಪಕ್ಕಾ” ಅಂದ. ಒಳಗಿಂದ ನೀಲಮ್ಮ, “ಸರದಿ ಅಂದ್ರ ಸರದಿರಿ, ಎಲ್ಲಾರಿಗೂ ಒಂದೇ” ಅಂದಳು. ಟೋಪಿ ಸರಿಪಡಿಸಿಕೊಂಡು, ಕಾಗದದ ಕಟ್ಟು ಕಂಕುಳಲ್ಲಿಟ್ಟು, ಬಿಸಿಲಲ್ಲಿ ನಡೆದೇ ಕೋರ್ಟಿಗೆ ಹೊರಟೆ. ದಾರಿಯಲ್ಲಿ ನನ್ನ ಹಳೆಯ ಕಕ್ಷಿದಾರನೊಬ್ಬ ಸಿಕ್ಕ. ನಾಲ್ಕು ವರ್ಷಗಳಿಂದ ನಾನು ಹೇಳಿದ ದಿನಕ್ಕೆಲ್ಲ ಬಂದು ಬಂದು ಮರಳಿ ಹೋಗುತ್ತಿದ್ದ ಬಡಪಾಯಿ.

“ಇದೇನ್ರಿ ಸಾಹೇಬ್ರ, ನಡಕೊಂಡು? ಮೋಟಾರ್ ಎಲ್ಲದ?”

“ಅದರ ತಾರೀಖು ಶನಿವಾರಕ್ಕ ಬಿದ್ದದ” ಅಂದೆ.

ಅವನು, ಇಷ್ಟು ವರ್ಷಗಳಲ್ಲಿ ಮೊದಲ ಸಲ, ತನ್ನ ತಾರೀಖು ಯಾವಾಗ ಎಂದು ಕೇಳದೆ, ನನ್ನ ಪಕ್ಕದಲ್ಲೇ, ತನ್ನವರ ಜೊತೆ ನಡೆದಂತೆ ನಡೆಯತೊಡಗಿದ.